ನೀರೆತ್ತುವ ಕರೆಂಟು ಎಲ್ಲಿಂದ ಬರಬೇಕು?

ಸೂಳೆಕೆರೆ ಕಟ್ಟಿದವರಿಗೆ ಮೋಟಾರು ಬೇಕಾಗಲಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ, ಹರಿದ್ರಾ ಹಳ್ಳದ ನೀರನ್ನು ತಡೆದು, ಸಿದ್ಧನಾಲೆ ಬಸವನಾಲೆ ಎಂದು ಎರಡು ಕಾಲುವೆ ಬಿಟ್ಟರು. ಅಲ್ಲಿಂದ ಮುಂದಿನ ಕೆಲಸವನ್ನೆಲ್ಲ ಇಳಿಜಾರೇ ಮಾಡಿತು. ಶತಮಾನಗಳಿಂದ ಆ ನೀರು ಒಂದು ಯೂನಿಟ್ ಕರೆಂಟನ್ನೂ ಕೇಳದೆ ಗದ್ದೆಗೆ ಹರಿದಿದೆ. ಕೆರೆ ಕಟ್ಟಿಸಿದಳೆನ್ನುವ ಶಾಂತವ್ವೆಯ ಕಥೆ ಹೇಳುವವರು ಕೆರೆಯ ವಿಸ್ತಾರವನ್ನು ಕೊಂಡಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಜಾಗವನ್ನು ಆರಿಸಿದ ಕಣ್ಣು.

ಈಗ ಅದೇ ಕೆರೆಯಿಂದ ಪಂಪು ಹಚ್ಚಿ ಚಿತ್ರದುರ್ಗಕ್ಕೆ ಕುಡಿಯುವ ನೀರು ಹೋಗುತ್ತದೆ. ಭದ್ರಾ ನದಿಯ ನೀರನ್ನು ಉಬ್ರಾಣಿ ಏತ ನೀರಾವರಿ ಮೇಲೆತ್ತುತ್ತದೆ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿ ತುಂಗಭದ್ರೆಯ ನೀರನ್ನು ಎತ್ತಿ ಒಣಭೂಮಿಯ ಕೆರೆಗಳಿಗೆ ಹಾಯಿಸುವ ಯೋಜನೆಯಿದೆ. ಜಗಳೂರಿನ 57 ಕೆರೆಗಳಿಗೆ ಹರಿಹರ ತಾಲ್ಲೂಕಿನ ದೀಟೂರಿನಿಂದ ನೀರು ಬರಬೇಕು. ಕಾಲುವೆ ಮುಟ್ಟದ ಕಡೆಯೆಲ್ಲ ಬೋರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲ್ಲೂಕುಗಳಲ್ಲಿ ಭದ್ರಾ ನಾಲೆಯ ಅಚ್ಚುಕಟ್ಟನ್ನು ಬಿಟ್ಟರೆ ಬೆಳೆಗೆ ಸಿಗುವ ನೀರಿನ ಬಹುಪಾಲು ಮೋಟಾರಿನ ಬೆನ್ನೇರಿಯೇ ಬರುತ್ತದೆ. ಹಾಗಾಗಿ ಇಲ್ಲಿ ಶುದ್ಧ ಇಂಧನದ ಮಾತು ಮೊದಲು ನೀರಿನ ಮಾತಾಗಬೇಕು. ಬೆಂಗಳೂರಿನ ಮಹಡಿ ಮನೆಯ ಮೇಲೆ ಸೋಲಾರ್ ಹಾಕಿಸುವ ಲೆಕ್ಕವನ್ನೇ ತಂದು ಚನ್ನಗಿರಿಗೆ ಅನ್ವಯಿಸಿದರೆ ಏನೂ ತಿಳಿಯುವುದಿಲ್ಲ.

ಒಂದು ಎಕರೆ ಅಡಿಕೆ ತೋಟವನ್ನು ತೆಗೆದುಕೊಳ್ಳಿ. ಒಂಬತ್ತು ಅಡಿಗೊಂದರಂತೆ ಹಾಕಿದರೆ ಎಕರೆಗೆ ಸುಮಾರು 540 ಮರ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದು ಹಿಡಿದರೂ ಹತ್ತಿರಹತ್ತಿರ 11 ಸಾವಿರ ಲೀಟರ್ ನೀರು ಬೇಕು. ಸಾವಿರ ಲೀಟರ್ ನೀರನ್ನು 200 ಮೀಟರ್ ಆಳದಿಂದ ಎತ್ತಲು ಭೌತಶಾಸ್ತ್ರ ಕೇಳುವುದು ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ವಿದ್ಯುತ್. ನಮ್ಮ ಮೋಟಾರು, ಪೈಪು, ವೋಲ್ಟೇಜಿನ ಸ್ಥಿತಿಯಲ್ಲಿ ಅದರ ಎರಡೂವರೆ ಪಟ್ಟು ಖರ್ಚಾಗುತ್ತದೆ ಎಂದುಕೊಳ್ಳಿ. ಆಗ ಎಕರೆಗೆ ದಿನಕ್ಕೆ ಸುಮಾರು 15 ಯೂನಿಟ್. ನಾಲ್ಕು ತಿಂಗಳ ಬೇಸಿಗೆಗೆ 1,750 ಯೂನಿಟ್ ದಾಟುತ್ತದೆ. ಯೂನಿಟ್‌ಗೆ ಏಳು ರೂಪಾಯಿ ಎಂದು ಇಟ್ಟರೂ ಎಕರೆಗೆ ಹನ್ನೆರಡು ಸಾವಿರ ರೂಪಾಯಿಯ ಕರೆಂಟು. ಮಡಿ ಕಟ್ಟಿ ಹಾಯಿಸುವ ತೋಟದಲ್ಲಿ ನೀರು ಇಮ್ಮಡಿಯಾಗುತ್ತದೆ, ಕರೆಂಟೂ ಇಮ್ಮಡಿಯಾಗುತ್ತದೆ.

ಈ ಹಣ ರೈತನ ಜೇಬಿನಿಂದ ಹೋಗುವುದಿಲ್ಲ. 2008ರಿಂದ ಕರ್ನಾಟಕದಲ್ಲಿ 10 ಎಚ್.ಪಿ. ವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ರಾಜ್ಯದಲ್ಲಿ 34 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ, ಒಟ್ಟು ವಿದ್ಯುತ್ತಿನ ಮೂರನೇ ಒಂದು ಭಾಗದಷ್ಟನ್ನು ಅವೇ ಬಳಸುತ್ತವೆ. ಇಲ್ಲಿಗೆ ವಿದ್ಯುತ್ ಪೂರೈಸುವ ಬೆಸ್ಕಾಂಗೆ ಆ ಹಣವನ್ನು ಸರ್ಕಾರ ತುಂಬಿಕೊಡಬೇಕು. ಬಿಲ್ಲು ಬಾರದ್ದಕ್ಕೆ ರೈತ ಇನ್ನೊಂದು ರೀತಿಯಲ್ಲಿ ದುಡ್ಡು ಕೊಡುತ್ತಾನೆ. ಏಳು ತಾಸು ತ್ರೀ ಫೇಸ್ ಎಂಬ ಭರವಸೆ ಹಗಲು ಸ್ವಲ್ಪ, ರಾತ್ರಿ ಸ್ವಲ್ಪ ಎಂದು ತುಂಡಾಗುತ್ತದೆ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೆ ಟಾರ್ಚು ಹಿಡಿದು, ಹಾವು ಚೇಳಿಗೆ ಹೆದರಿಕೊಂಡೇ ತೋಟಕ್ಕೆ ಹೋಗಬೇಕು. ಅದಕ್ಕೆ ಬೇಸತ್ತವರು ಆಟೋ ಸ್ಟಾರ್ಟರ್ ಹಾಕಿದರು. ತ್ರೀ ಫೇಸ್ ಬಂದ ಕ್ಷಣ ಒಂದು ಟ್ರಾನ್ಸ್‌ಫಾರ್ಮರಿನ (ಟಿ.ಸಿ.) ಮೇಲಿನ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದು ವೋಲ್ಟೇಜು ಕುಸಿಯಿತು. ಮೋಟಾರು ಸುಟ್ಟಿತು, ಟಿ.ಸಿ. ಸುಟ್ಟಿತು. ರಿವೈಂಡಿಂಗ್ ಅಂಗಡಿಯಲ್ಲಿ ಯಾವುದೂ ಪುಕ್ಕಟೆ ಇಲ್ಲ. ಬೋರಿನಿಂದ ಮೋಟಾರು ಎತ್ತಿಸುವ ಕೂಲಿ ಬೇರೆ, ತೋಟ ಒಣಗುವ ದಿನಗಳು ಬೇರೆ. ಅಗ್ಗದ ಇಂಧನ ಯಾವುದು ಎಂದು ಇಲ್ಲಿನ ಬೆಳೆಗಾರನನ್ನು ಕೇಳಿದರೆ ಹಗಲು ಹೊತ್ತಿನಲ್ಲಿ, ಸರಿಯಾದ ವೋಲ್ಟೇಜಿನಲ್ಲಿ, ಹೇಳಿದ ಸಮಯಕ್ಕೆ ಬರುವ ಕರೆಂಟು ಎಂದಾನು.

ಸೂರ್ಯ ಆ ಬೇಡಿಕೆಗೆ ಸರಿಯಾಗಿ ಹೊಂದುತ್ತಾನೆ. ತೋಟಕ್ಕೆ ನೀರು ಅತಿ ಹೆಚ್ಚು ಬೇಕಾಗುವುದು ಫೆಬ್ರುವರಿಯಿಂದ ಮೇ ತನಕ. ಬಿಸಿಲು ಅತಿ ಹೆಚ್ಚಿರುವುದೂ ಆಗಲೇ. ಬ್ಯಾಟರಿಯ ಗೊಡವೆಯಿಲ್ಲ, ಹತ್ತರಿಂದ ನಾಲ್ಕರವರೆಗೆ ಪಂಪು ನಡೆದರೆ ಕೆಲಸ ಮುಗಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿ.ಎಂ. ಕುಸುಮ್ ಯೋಜನೆಯಲ್ಲಿ ಇದಕ್ಕೆ ಎರಡು ದಾರಿಗಳಿವೆ. ಕುಸುಮ್-ಬಿ ಎಂದರೆ ರೈತನ ಹೊಲದಲ್ಲೇ ಫಲಕ ನಿಲ್ಲಿಸಿ ಗ್ರಿಡ್ಡಿನ ಸಂಪರ್ಕವಿಲ್ಲದೆ ಪಂಪು ನಡೆಸುವುದು. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ತನ್ನ ಪಾಲನ್ನು ಶೇ 30ರಿಂದ ಶೇ 50ಕ್ಕೆ ಏರಿಸಿದ್ದರಿಂದ, ಕೇಂದ್ರದ ಶೇ 30 ಸೇರಿ, ರೈತ ಹಾಕಬೇಕಾದದ್ದು ಶೇ 20 ಮಾತ್ರ. ವಿದ್ಯುತ್ ಜಾಲದಿಂದ 500 ಮೀಟರಿಗಿಂತ ದೂರವಿರುವ ಹೊಸ ಬೋರುಗಳಿಗೆ ಕಂಬ, ತಂತಿ ಎಳೆಯುವ ಬದಲು ಇದನ್ನೇ ಕೊಡುವುದು ಸರ್ಕಾರದ ಧೋರಣೆ. ಕುಸುಮ್-ಸಿ ಎಂದರೆ ಸಬ್‌ಸ್ಟೇಷನ್ನಿನ ಪಕ್ಕದಲ್ಲಿ ಸೌರ ಘಟಕ ಕಟ್ಟಿ, ಪಂಪ್‌ಸೆಟ್‌ಗಳ ಫೀಡರನ್ನೇ ಹಗಲು ಹೊತ್ತು ಅದರಿಂದ ನಡೆಸುವುದು. ರೈತನ ಮೋಟಾರು, ಸ್ಟಾರ್ಟರು, ಪೈಪು ಯಾವುದೂ ಬದಲಾಗಬೇಕಿಲ್ಲ. ರಾಜ್ಯದಲ್ಲಿ ಈ ಬಗೆಯ ಘಟಕಗಳಿಗೆ 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಹೋಬಳಿಯಲ್ಲಿ ಮುಖ್ಯಮಂತ್ರಿಗಳು ಚಾಲನೆ ಕೊಟ್ಟರು.

ಚನ್ನಗಿರಿ, ನ್ಯಾಮತಿಯಂಥ ತೋಟದ ಸೀಮೆಗೆ ಎರಡನೆಯದೇ ಹೆಚ್ಚು ಸೂಕ್ತ ಎಂಬುದು ನನ್ನ ಅಭಿಪ್ರಾಯ. ಅಡಿಕೆ ಮರಗಳ ನೆರಳಿನ ನಡುವೆ ಐದು ಎಚ್.ಪಿ.ಗೆ ಬೇಕಾದ ಐದು ಕಿಲೋವ್ಯಾಟ್ ಫಲಕಕ್ಕೆ ಬಿಸಿಲು ಬೀಳುವ ಜಾಗ ಹುಡುಕುವುದೇ ಕಷ್ಟ. ಅಲ್ಲಿ ಒಂದೊಂದು ಗುಂಟೆಗೂ ಬೆಲೆಯಿದೆ. ಮೆಗಾವ್ಯಾಟಿಗೆ ನಾಲ್ಕು ಎಕರೆಯಷ್ಟು ಭೂಮಿ ಸಬ್‌ಸ್ಟೇಷನ್ ಬಳಿ ಸಿಕ್ಕರೆ ದಿನಕ್ಕೆ ನಾಲ್ಕು ಸಾವಿರ ಯೂನಿಟ್ ಆಸುಪಾಸು ಹುಟ್ಟುತ್ತದೆ. ಮೇಲಿನ ಲೆಕ್ಕದ ಪ್ರಕಾರ ಅದು ಹನಿ ನೀರಾವರಿಯ ಸುಮಾರು 270 ಎಕರೆ ತೋಟದ ಬೇಸಿಗೆಯ ದಾಹ ತೀರಿಸುವಷ್ಟು. ಕರೆಂಟು ಹುಟ್ಟಿದಲ್ಲೇ ಬಳಕೆಯಾಗುವುದರಿಂದ ದೂರದ ತಂತಿಯಲ್ಲಿ ಸೋರುವುದೂ ಕಡಿಮೆ.

ಇಷ್ಟು ಹೇಳಿ ಸುಮ್ಮನಾದರೆ ತಪ್ಪಾಗುತ್ತದೆ. ಹಗಲಿಡೀ ಪುಕ್ಕಟೆ ಬಿಸಿಲಿನಲ್ಲಿ ಓಡುವ ಪಂಪು ಅಂತರ್ಜಲವನ್ನು ಇನ್ನಷ್ಟು ಬೇಗ ಬರಿದು ಮಾಡಬಹುದು. ಚನ್ನಗಿರಿಯ ಕಡೆ ಬೋರು ಫೇಲಾಗಿ, ಟ್ಯಾಂಕರಿನಲ್ಲಿ ನೀರು ತರಿಸಿ ಅಡಿಕೆ ಮರ ಉಳಿಸಿಕೊಂಡ ಬೇಸಿಗೆಗಳನ್ನು ಯಾರೂ ಮರೆತಿಲ್ಲ. ಇದಕ್ಕೊಂದು ಉತ್ತರವನ್ನು ಕರ್ನಾಟಕವೇ ಹಿಂದೆ ಹುಡುಕಿತ್ತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯಡಿ ಮುನ್ನೂರಕ್ಕೂ ಹೆಚ್ಚು ಪಂಪ್‌ಸೆಟ್‌ಗಳನ್ನು ಸೌರಶಕ್ತಿಗೆ ಬದಲಿಸಿ ಗ್ರಿಡ್ಡಿಗೆ ಜೋಡಿಸಿದ್ದರು. ಪಂಪು ನಿಲ್ಲಿಸಿದ ಹೊತ್ತಿನಲ್ಲಿ ಹುಟ್ಟಿದ ಕರೆಂಟನ್ನು ಬೆಸ್ಕಾಂಗೆ ಮಾರಬಹುದಿತ್ತು. ನೀರು ಉಳಿಸಿದರೆ ಕೈಗೆ ಕಾಸು ಬರುತ್ತದೆ ಎಂಬ ಆ ವಿಚಾರ ಕುಸುಮ್-ಸಿಯ ಫೀಡರು ಪದ್ಧತಿಯಲ್ಲಿ ಕಳೆದುಹೋಗಿದೆ. ಅದನ್ನು ಯಾವುದಾದರೂ ರೂಪದಲ್ಲಿ ಮತ್ತೆ ತರಬೇಕು. ಕನಿಷ್ಠ ಪಕ್ಷ, ಸೌರ ಫೀಡರಿಗೆ ಒಳಪಡುವ ಊರುಗಳಿಗೆ ಹನಿ ನೀರಾವರಿಯ ಸಹಾಯಧನ ಮೊದಲು ತಲುಪಬೇಕು. ಮಡಿಯಿಂದ ಹನಿಗೆ ಬಂದ ತೋಟ ಅರ್ಧದಷ್ಟು ಕರೆಂಟನ್ನು ಕೇಳದೆಯೇ ಬಿಡುತ್ತದೆ. ಅಷ್ಟು ಅಗ್ಗದ ಯೂನಿಟ್ಟನ್ನು ಯಾವ ಸೋಲಾರ್ ಕಂಪನಿಯೂ ಕೊಡಲಾರದು.

ಜಗಳೂರಿನ ಕಥೆ ಬೇರೆ. ಅಲ್ಲಿ ನೀರು ಕಡಿಮೆ, ಗಾಳಿ ಹೆಚ್ಚು. ಚಿತ್ರದುರ್ಗದ ಬೆಟ್ಟಸಾಲಿನಿಂದ ಜಗಳೂರಿನ ಗುಡ್ಡಗಳ ತನಕ ಗಾಳಿಯಂತ್ರಗಳು ನಿಂತು ಎರಡು ದಶಕಗಳೇ ಆದವು. ಮುಂಗಾರಿನ ಪಶ್ಚಿಮದ ಗಾಳಿ ಮಲೆನಾಡಿನಲ್ಲಿ ಮಳೆ ಸುರಿಸಿ, ಹಗುರಾಗಿ, ಈ ಬಯಲಿಗೆ ಇಳಿದು ಗುಡ್ಡದ ಸಂದುಗಳಲ್ಲಿ ರಭಸ ಪಡೆಯುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಅದಕ್ಕೇ ಕಂಪನಿಗಳು ಒಂದು ಗುಡ್ಡವನ್ನು ಬಿಟ್ಟು ಇನ್ನೊಂದು ಗುಡ್ಡಕ್ಕೆ ಅಷ್ಟು ಹಾತೊರೆಯುವುದು. 2024-25ರಲ್ಲಿ ದೇಶದಲ್ಲೇ ಅತಿ ಹೆಚ್ಚು ಹೊಸ ಪವನ ವಿದ್ಯುತ್ ಸಾಮರ್ಥ್ಯ, 1,331 ಮೆಗಾವ್ಯಾಟ್, ಸೇರಿಸಿದ ರಾಜ್ಯ ಕರ್ನಾಟಕ. ಆ ಭರಾಟೆಯ ಒಂದು ಪಾಲು ಮಧ್ಯ ಕರ್ನಾಟಕದ ಈ ಒಣ ಸೀಮೆಯ ಮೇಲೂ ಬೀಳುತ್ತದೆ.

ಈಗ ತಿಂಗಳುಗಳನ್ನು ಗಮನಿಸಿ. ಗಾಳಿ ಜೋರಾಗುವುದು ಜೂನ್‌ನಿಂದ ಸೆಪ್ಟೆಂಬರ್. ತುಂಗಭದ್ರೆ ತುಂಬಿ ಹರಿಯುವುದೂ ಬಹುತೇಕ ಅದೇ ಹೊತ್ತಿನಲ್ಲಿ. ಮೋಡ ಕವಿದು ಸೌರ ಫಲಕ ಮಂಕಾಗುವುದೂ ಆಗಲೇ. ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಬೆನ್ನುಹತ್ತಿ ತಂದ 57 ಕೆರೆ ಯೋಜನೆ ದೀಟೂರಿನ ಜಾಕ್‌ವೆಲ್‌ನಿಂದ ನೀರೆತ್ತಬೇಕಾದದ್ದು ನದಿಯಲ್ಲಿ ಹೆಚ್ಚುವರಿ ನೀರಿರುವ ಈ ತಿಂಗಳುಗಳಲ್ಲಿ. ಅಂದರೆ ಜಗಳೂರಿನ ಗುಡ್ಡದ ಮೇಲೆ ರೆಕ್ಕೆ ತಿರುಗುವಾಗಲೇ ಜಗಳೂರಿನ ಕೆರೆಗೆ ನೀರು ಏರಬೇಕು. ಇಷ್ಟು ಚೆನ್ನಾಗಿ ಹೊಂದುವ ಬೇಡಿಕೆ ಮತ್ತು ಪೂರೈಕೆ ಇನ್ನೆಲ್ಲಿ ಸಿಗುತ್ತದೆ? ಏತ ನೀರಾವರಿಯ ದೊಡ್ಡ ಭಯ ಅದರ ವಿದ್ಯುತ್ ಬಿಲ್ಲು. ಕೋಟಿಗಟ್ಟಲೆ ಸುರಿದು ಕಟ್ಟಿದ ಯೋಜನೆ ಬಿಲ್ಲು ಬಾಕಿಯಾಗಿ, ಮೋಟಾರು ಕೆಟ್ಟು ನಿಂತ ಉದಾಹರಣೆಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಇಲ್ಲಿಯ ಗಾಳಿಯ ಕರೆಂಟನ್ನು ಈ ಪಂಪುಗಳ ಹೆಸರಿಗೇ ದೀರ್ಘಾವಧಿಗೆ ಕಡಿಮೆ ದರದಲ್ಲಿ ಕಾದಿರಿಸುವ ಒಪ್ಪಂದವನ್ನು ನೀರಾವರಿ ನಿಗಮವೂ ಬೆಸ್ಕಾಂ ಕೂಡ ಮಾಡಿಕೊಳ್ಳಬಹುದು. ತಂತಿಯಲ್ಲಿ ಯಾವ ಕರೆಂಟು ಎಲ್ಲಿಗೆ ಹೋಯಿತೆಂದು ಗುರುತಿಸಲು ಬಾರದಿದ್ದರೂ ಲೆಕ್ಕದ ಪುಸ್ತಕದಲ್ಲಿ ಗುರುತಿಸಬಹುದು. ದೊಡ್ಡ ಕಾರ್ಖಾನೆಗಳು ಓಪನ್ ಆಕ್ಸೆಸ್ ಹೆಸರಿನಲ್ಲಿ ಎಷ್ಟೋ ವರ್ಷಗಳಿಂದ ಮಾಡುತ್ತಿರುವುದು ಅದನ್ನೇ.

ಇದರ ಲಾಭ ಅಲ್ಲಿಗೇ ನಿಲ್ಲುವುದಿಲ್ಲ. ತುಂಬಿದ ಕೆರೆ ಒಂದು ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಆಷಾಢದ ಗಾಳಿಯನ್ನು ನೀರಿನ ರೂಪದಲ್ಲಿ ಹಿಡಿದಿಟ್ಟು ಬೇಸಿಗೆಗೆ ದಾಟಿಸುತ್ತದೆ. ಸುತ್ತಲಿನ ಬೋರುಗಳ ಮಟ್ಟ 200 ಮೀಟರಿನಿಂದ 100ಕ್ಕೆ ಏರಿದರೆ ಅದೇ ಎಕರೆಗೆ 15 ಯೂನಿಟ್ ಬದಲು ಏಳೆಂಟು ಸಾಕು. ಶರಾವತಿ ಕಣಿವೆಯಲ್ಲಿ ತಲಕಳಲೆ, ಗೇರುಸೊಪ್ಪೆಗಳ ನಡುವೆ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸಿಂಗಳೀಕಗಳ ಕಾಡನ್ನೇ ಬಲಿ ಕೊಡಬೇಕೇ ಎಂಬ ವಾದ ನಡೆಯುತ್ತಿರುವಾಗ, ಬಯಲುಸೀಮೆಯ ಹಳೆಯ ಕೆರೆಗಳಿಗೂ ಇಂಧನ ಉಳಿಸುವ ಶಕ್ತಿಯಿದೆ ಎಂದು ಯಾರೂ ಲೆಕ್ಕ ಹಾಕುತ್ತಿಲ್ಲ. ಇದರಿಂದ ರಾತ್ರಿಯ ದೀಪಕ್ಕೆ ಕರೆಂಟು ವಾಪಸ್ ಬರುವುದಿಲ್ಲ, ನಿಜ. ಆದರೆ ಬೇಸಿಗೆಯ ಬೇಡಿಕೆಯನ್ನೇ ತಗ್ಗಿಸುತ್ತದೆ. ಆ ಕೆರೆಗಳ ಹೂಳೆತ್ತುವ ಹಣವನ್ನು ಇಂಧನ ಇಲಾಖೆಯ ಖರ್ಚು ಎಂದು ಕರೆದರೂ ಸರಿಯೇ.

ಜಗಳೂರಿನ ಬಗ್ಗೆ ಇನ್ನೊಂದು ಮಾತು ಆಡಲೇಬೇಕು. ಅಲ್ಲಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಳ ಅಭಯಾರಣ್ಯವಿದೆ. ತಲೆಯ ಮೇಲೆ ನಾಲ್ಕು ಕೊಂಬು ಹೊತ್ತ ಈ ಪುಟ್ಟ ಪ್ರಾಣಿಗೆಂದೇ 2011ರಲ್ಲಿ ಘೋಷಿಸಿದ ಕಾಡು ಅದು. ನೋಡಿದವರಿಗೆ ಬರೀ ಕುರುಚಲು ಗುಡ್ಡ. ಸರ್ಕಾರದ ಕಾಗದದಲ್ಲಿ ಇಂಥ ಗುಡ್ಡಗಳನ್ನು ಬೀಳು ಎಂದು ಬರೆಯುವುದು ಸುಲಭ. ಗಾಳಿಯಂತ್ರ ನಿಲ್ಲುವ ಜಾಗ ಚಿಕ್ಕದಾದರೂ ನೂರಾರು ಅಡಿ ಎತ್ತರದ ಕಂಬ, ಉದ್ದನೆಯ ರೆಕ್ಕೆ ಹೊತ್ತ ಲಾರಿ ಏರಲು ಗುಡ್ಡದ ನೆತ್ತಿಯ ತನಕ ಅಗಲವಾದ ರಸ್ತೆ ಕಡಿಯಬೇಕು. ಮಣ್ಣು ಸಡಿಲಾಗುವುದು, ಹಳ್ಳಕ್ಕೆ ಹೂಳು ಬರುವುದು ಆ ರಸ್ತೆಯಿಂದ. ಕುರಿಗಾಹಿಗಳ ಮೇವಿನ ದಾರಿ ತುಂಡಾಗುವುದೂ ಅದರಿಂದಲೇ. ಅಭಯಾರಣ್ಯದ ಅಂಚನ್ನು ಬಿಟ್ಟು, ಉತ್ತ ಹೊಲದ ನಡುವೆ ಯಂತ್ರ ನಿಲ್ಲಿಸುವುದಕ್ಕೆ ಜಗಳೂರಿನಲ್ಲಿ ಸಾಕಷ್ಟು ಜಾಗವಿದೆ. ಶುದ್ಧ ಎಂಬ ಹೆಸರು ಹೊತ್ತ ವಿದ್ಯುತ್ತು ಅಷ್ಟು ಎಚ್ಚರವನ್ನಾದರೂ ತೋರಬೇಕು.

ಗಾಳಿಯಂತ್ರಕ್ಕೋ ಸೌರ ಫಲಕಕ್ಕೋ ಹೊಲ ಕೊಡುವವರು ಪಾವಗಡದ ಸೌರ ಪಾರ್ಕನ್ನು ಒಮ್ಮೆ ನೋಡಿಕೊಂಡು ಬರಬೇಕು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ 2,050 ಮೆಗಾವ್ಯಾಟ್ ತಲುಪಿದ ಆ ಸೌರ ಪಾರ್ಕಿಗೆ ತಿರುಮಣಿ, ವಳ್ಳೂರು, ಬಳಸಮುದ್ರದಂಥ ಐದು ಊರುಗಳ ಸುಮಾರು 13 ಸಾವಿರ ಎಕರೆ ಹೋಯಿತು. ಸರ್ಕಾರ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಆ ಮಟ್ಟಿಗೆ ಅದು ಒಳ್ಳೆಯ ಮಾದರಿ. ಜಮೀನಿದ್ದವನಿಗೆ ಮಳೆ ಬಂದರೂ ಬಾರದಿದ್ದರೂ ಹಣ ಬಂತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಏನೂ ಬರಲಿಲ್ಲ. ಕುರಿ ಮೇಯಿಸುವವರಿಗೆ ತಂತಿಬೇಲಿ ಅಡ್ಡ ಬಂತು. ಜಗಳೂರಿನಲ್ಲಿ ಒಪ್ಪಂದ ಬರೆಯುವಾಗ ಪಂಚಾಯಿತಿಗೆ ವರ್ಷ ವರ್ಷ ಒಂದು ಪಾಲು ಬರಬೇಕು, ಕಾವಲು ಮತ್ತು ದುರಸ್ತಿಯ ಕೆಲಸ ಊರಿನ ಹುಡುಗ ಹುಡುಗಿಯರಿಗೆ ಸಿಗಬೇಕು, ಫಲಕಗಳ ನಡುವೆ ಕುರಿ ಮೇಯಲು ಬಿಡಬೇಕು. ಕನ್ನಡದಲ್ಲಿ ಬರೆದ ಕರಾರನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಬೀಳಬೇಕು.

ಪಟ್ಟಣದ ಮನೆಗಳ ವಿಷಯವನ್ನು ಬೇಗ ಮುಗಿಸಬಹುದು. 2024ರ ಫೆಬ್ರುವರಿಯಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆ ಮೂರು ಕಿಲೋವ್ಯಾಟ್ ತಾರಸಿ ಸೋಲಾರಿಗೆ 78 ಸಾವಿರ ರೂಪಾಯಿ ಸಹಾಯಧನ ಕೊಡುತ್ತದೆ. 2023ರ ಜುಲೈನಿಂದ ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಪಡೆಯುತ್ತಿರುವ ಹೊನ್ನಾಳಿಯ ಮಧ್ಯಮ ವರ್ಗದ ಮನೆಗೆ ಅದನ್ನು ಹಾಕಿಸುವ ತುರ್ತು ಕಾಣುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಬಿಲ್ಲಿನ ಬಿಸಿ ತಟ್ಟುವುದು ಅಂಗಡಿಗೆ, ಆಸ್ಪತ್ರೆಗೆ, ಅಕ್ಕಿ ಗಿರಣಿಗೆ, ಅಡಿಕೆ ಸುಲಿಯುವ ಯಂತ್ರ ಇಟ್ಟವರಿಗೆ, ಜೊತೆಗೆ ನೀರು ಮತ್ತು ಬೀದಿ ದೀಪದ ಬಿಲ್ಲು ಕಟ್ಟುವ ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ. ಸೋಲಾರಿನ ಪ್ರಚಾರ ಇವರ ಬಾಗಿಲಿಗೆ ಮೊದಲು ಹೋಗಬೇಕು. 1995ರಲ್ಲಿ ಸೆಲ್ಕೊ ಆರಂಭಿಸಿದ ಹರೀಶ್ ಹಂದೆ ತೋರಿಸಿಕೊಟ್ಟ ಪಾಠವೂ ಇದೇ ಜಾತಿಯದು. ಬಡವರಿಗೆ ಸೋಲಾರ್ ದುಬಾರಿಯಾದದ್ದು ಒಂದೇ ಸಲ ಹಣ ಹೊಂದಿಸಬೇಕಾಗಿದ್ದರಿಂದ. ಗ್ರಾಮೀಣ ಬ್ಯಾಂಕು ಅವರ ದುಡಿಮೆಯ ಲಯಕ್ಕೆ ಹೊಂದುವ ಕಂತು ಕೊಟ್ಟಾಗ ಅದೇ ಸಾಮಾನು ಕೈಗೆ ಎಟುಕಿತು. ಅಡಿಕೆ ಸೀಮೆಯಲ್ಲಿ ಕಂತು ಕಟ್ಟುವ ತಿಂಗಳು ಕೊಯ್ಲಿನ ನಂತರ ಬರಬೇಕು ಎಂಬುದನ್ನು ಬ್ಯಾಂಕಿನವರಿಗೆ ಯಾರಾದರೂ ಹೇಳಬೇಕು.

ಇಷ್ಟೆಲ್ಲ ಕರೆಂಟಿನ ಮಾತಾಯಿತು. ಈ ತಾಲ್ಲೂಕುಗಳ ಇಂಧನದ ದೊಡ್ಡ ಪಾಲೊಂದು ಇನ್ನೂ ಸೌದೆ. ಅದನ್ನು ಯಾವ ಮೀಟರೂ ಅಳೆಯುವುದಿಲ್ಲ. ಆಗಸ್ಟ್‌ನಿಂದ ಜನವರಿಯ ತನಕ ಚನ್ನಗಿರಿಯ ಊರೂರುಗಳಲ್ಲಿ ಅಡಿಕೆ ಬೇಯುತ್ತದೆ. ಹಸಿ ಗೊನೆ ಇಳಿಸಿ, ಕಾಯಿ ಸುಲಿದು, ಹಂಡೆಯಲ್ಲಿ ಚೊಗರು (ಅಡಿಕೆ ಬೇಯಿಸಿದ ಬಣ್ಣದ ರಸ) ಹಾಕಿ ಬೇಯಿಸಿ, ಅಂಗಳದಲ್ಲಿ ಒಣಗಿಸಿದರೆ ರಾಶಿ ಅಡಿಕೆ. ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರ ದೊಡ್ಡ ಒಲೆಗಳು ರಾತ್ರಿಯಿಡೀ ಉರಿಯುತ್ತವೆ. ಒಲೆಯ ಮುಂದೆ ನಿಲ್ಲುವವರ ಕಣ್ಣು, ಎದೆ ಎರಡೂ ಹೊಗೆ ತಿನ್ನುತ್ತವೆ. ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಕೂಡ ಸೌದೆಯ ಇದ್ದಿಲಿನಲ್ಲೇ ಅದಿರು ಕರಗಿಸುತ್ತಿತ್ತು. ಅದಕ್ಕಾಗಿ ಮಲೆನಾಡಿನ ಕಾಡು ಉರಿಯಿತು. 1948ರಲ್ಲಿ ಜೋಗದ ವಿದ್ಯುತ್ತು ಬಂದ ಮೇಲೆ, 1950ರ ದಶಕದಲ್ಲಿ ಅಲ್ಲಿ ವಿದ್ಯುತ್ ಕುಲುಮೆ ಬಂತು. ಕಬ್ಬಿಣ ಕರಗಿಸುವ ಊರಿಗೆ ಆಗಲೇ ಸಾಧ್ಯವಾದ ಬದಲಾವಣೆ ಅಡಿಕೆ ಬೇಯಿಸುವ ಊರಿಗೆ ಇವತ್ತಿಗೂ ಬಂದಿಲ್ಲ.

ಇಲ್ಲಿ ಉಪಾಯಗಳಿಗೆ ಕೊರತೆಯಿಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಕಟ್ಟಿದ ಅಸ್ತ್ರ ಕೇಂದ್ರ ಸೌದೆ ಒಲೆಯನ್ನು ವಿಜ್ಞಾನದ ವಸ್ತುವಾಗಿ ನೋಡಿತು. ಅಲ್ಲಿಂದ ಬಂದ ಅಸ್ತ್ರ ಒಲೆ ರಾಜ್ಯದ ಹಳ್ಳಿ ಹಳ್ಳಿಗೆ ಹೋಯಿತು. ಬೆಂಕಿಯ ಗೂಡನ್ನು ಮುಚ್ಚುವುದು, ಕೆಳಗೆ ಜಾಲರಿ ಇಟ್ಟು ಗಾಳಿಯನ್ನು ಹದವಾಗಿ ಬಿಡುವುದು, ಹೊಗೆಯನ್ನು ಇನ್ನೊಂದು ಪಾತ್ರೆಯ ಅಡಿಯಿಂದ ಹಾಯಿಸಿ ಚಿಮಣಿಗೆ ಬಿಡುವುದು, ಈ ಮೂರೂ ಅಡಿಕೆಯ ದೊಡ್ಡ ಒಲೆಗೂ ಸಲ್ಲುತ್ತವೆ. ಮನೆ ಮನೆಯ ತಾರಸಿಯಲ್ಲಿ ಕಾಣುವ ಸೋಲಾರ್ ವಾಟರ್ ಹೀಟರಿಗೂ ಇಲ್ಲಿ ಕೆಲಸವಿದೆ. 25 ಡಿಗ್ರಿಯ ನೀರಿನ ಬದಲು 60 ಡಿಗ್ರಿಯ ನೀರು ಹಂಡೆಗೆ ಬಿದ್ದರೆ ಕುದಿ ಬರಿಸುವ ಸೌದೆಯ ಅರ್ಧದಷ್ಟು ಉಳಿಯುತ್ತದೆ. ಮಳೆ ಹಿಡಿದ ಆಗಸ್ಟ್, ಸೆಪ್ಟೆಂಬರಿನಲ್ಲಿ ಅಷ್ಟು ಬಿಸಿ ಬಾರದು, ಅಕ್ಟೋಬರ್ ಕಳೆದ ಮೇಲೆ ಖಂಡಿತ ಬರುತ್ತದೆ.

ಸಿಪ್ಪೆಯದು ಇನ್ನೊಂದು ಸಂಗತಿ. ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆ. ಕೊಯ್ಲಿನ ಕಾಲದಲ್ಲಿ ಚನ್ನಗಿರಿಯ ರಸ್ತೆಗಳ ಇಕ್ಕೆಲದಲ್ಲಿ ಅದರ ರಾಶಿ ಬೀಳುತ್ತದೆ. ಯಾರೋ ಬೆಂಕಿ ಇಡುತ್ತಾರೆ, ದಿನಗಟ್ಟಲೆ ಹೊಗೆಯಾಡುತ್ತದೆ, ಎದುರಿನ ಬೈಕು ಕಾಣದಷ್ಟು. ಒಂದು ಕಡೆ ಕಾಡಿನ, ತೋಪಿನ ಸೌದೆ ಕೊಂಡು ಒಲೆಗೆ ಹಾಕುವುದು, ಇನ್ನೊಂದು ಕಡೆ ಉರಿಯುವ ವಸ್ತುವನ್ನೇ ರಸ್ತೆಗೆ ಸುರಿದು ಸುಡುವುದು! ಒಣಗಿದ ಸಿಪ್ಪೆ ಸೌದೆಗೆ ಸಮೀಪದ ಶಾಖ ಕೊಡುತ್ತದೆ. ತೊಡಕಿರುವುದು ಅದರ ಹಸಿತನದಲ್ಲಿ ಮತ್ತು ಹಗುರಿನಲ್ಲಿ. ಹೊನ್ನಾಳಿ, ದಾವಣಗೆರೆಯ ಅಕ್ಕಿ ಗಿರಣಿಯವರು ಭತ್ತದ ತೌಡು ಹೊಟ್ಟುಗಳನ್ನು ಎಂದೂ ಬಿಸಾಡಿದವರಲ್ಲ, ಹೊಟ್ಟು ಅವರ ಬಾಯ್ಲರಿನ ಇಂಧನ. ಅಡಿಕೆ ಸಿಪ್ಪೆಗೆ ಅದು ಸಾಧ್ಯವಾಗಬೇಕಾದರೆ ಕೊಚ್ಚುವ ಯಂತ್ರ, ಮಳೆ ತಾಗದ ಒಣ ಶೆಡ್ಡು, ಬಿಲ್ಲೆಯಾಗಿ ಒತ್ತುವ ಯಂತ್ರ ಬೇಕು. ಒಬ್ಬ ಬೆಳೆಗಾರ ಇಷ್ಟನ್ನು ಕೊಳ್ಳಲಾರ. ಚನ್ನಗಿರಿಯಲ್ಲಿ ತುಮ್ಕೋಸ್‌ನಂಥ ಬೆಳೆಗಾರರ ಸಹಕಾರ ಸಂಘ ಇದೆ, ಸಾವಿರಾರು ಸದಸ್ಯರಿದ್ದಾರೆ, ಅಡಿಕೆ ತುಂಬಿದ ಚೀಲ ಅಲ್ಲಿಗೆ ಬಂದೇ ಬರುತ್ತದೆ. ಸೌದೆಗೆ ಕೊಡುವ ದುಡ್ಡಿಗಿಂತ ಕಡಿಮೆ ಬೆಲೆಗೆ ಸಿಪ್ಪೆಯ ಬಿಲ್ಲೆಯನ್ನು ಸದಸ್ಯರಿಗೇ ಮಾರುವ ಒಂದು ಘಟಕ, ಅದರ ಶೆಡ್ಡಿನ ಮೇಲೆ ಯಂತ್ರ ನಡೆಸಲು ಸೋಲಾರ್, ಎರಡನ್ನೂ ಸಂಘ ಹಾಕಬಹುದು. ಹೋಬಳಿಗೊಂದರಂತೆ ಶುರುಮಾಡಲು ಸಂತೆಬೆನ್ನೂರು, ಬಸವಾಪಟ್ಟಣ, ಉಬ್ರಾಣಿ ಮೂರೂ ಕಡೆ ಸಿಪ್ಪೆಗೆ ಬರವಿಲ್ಲ. ಒಂದು ಕೊಯ್ಲಿನ ಅನುಭವದಲ್ಲಿ ಲಾಭ ನಷ್ಟ ತಿಳಿದುಹೋಗುತ್ತದೆ. ಶೆಡ್ಡು ಮಾತ್ರ ಮುಂಗಾರು ಹಿಡಿಯುವ ಮೊದಲೇ ಎದ್ದಿರಬೇಕು.